ಮದುವೆಯ ಕರೆಯೋಲೆ ಇನ್‌ಸ್ಟಾಲ್ ಮಾಡು ಎಂದು ಏಕೆ ಕೇಳುತ್ತದೆ?

ಪ್ರಶ್ನೆ: ಸಂಬಂಧಿಕರೊಬ್ಬರ ವಾಟ್ಸ್ಆ್ಯಪ್‌ನಿಂದ ‘ಮದುವೆಯ ಆಮಂತ್ರಣ’ ಎಂಬ ಕಡತ ಬಂತು. ಅವರ ಮನೆಯಲ್ಲಿ ನಿಜವಾಗಿಯೂ ಮದುವೆ ಇದ್ದುದರಿಂದ ತೆರೆದೆ. ಏನೇನೋ ಅನುಮತಿ ಕೇಳಿತು, ಕೊಟ್ಟೆ. ಪತ್ರಿಕೆ ಮಾತ್ರ ಕಾಣಿಸಲಿಲ್ಲ. ಮರುದಿನ ನನ್ನ ಹೆಸರಿನಿಂದ ಅದೇ ಕಡತ ಎಲ್ಲರಿಗೂ ಹೋಗಿದೆ. ಸದ್ಯಕ್ಕೆ ಹಣ ಹೋಗಿಲ್ಲ. ಆ್ಯಂಟಿವೈರಸ್ ಕೊಂಡರೆ ಸರಿಹೋಗುತ್ತದೆಯೇ? (ದಾವಣಗೆರೆಯ ಓದುಗರು)

ಉತ್ತರ: ಆ್ಯಂಟಿವೈರಸ್ ವಿಚಾರ ಬದಿಗಿರಲಿ. ಮೊದಲು ಆ ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ವೈಫೈ ಕೂಡ ಆಫ್ ಮಾಡಿ. ಮನೆಯ ಇನ್ನೊಬ್ಬರ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ, ನೆಟ್ ಬ್ಯಾಂಕಿಂಗ್, ಕಾರ್ಡ್ ಮತ್ತು ಯುಪಿಐ ಮೂರನ್ನೂ ತಡೆಹಿಡಿಯಲು ಹೇಳಿ, ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಬ್ಯಾಂಕಿನ ಸಂಖ್ಯೆಯನ್ನು ಗೂಗಲ್‌ನಲ್ಲಿ ಹುಡುಕಬೇಡಿ. ನಕಲಿ ಸಹಾಯವಾಣಿಗಳು ಅಲ್ಲಿಯೇ ಕಾದಿರುತ್ತವೆ. ಎಟಿಎಂ ಕಾರ್ಡಿನ ಹಿಂಭಾಗದಲ್ಲಿ ಅಚ್ಚಾಗಿರುವ ಸಂಖ್ಯೆಯೇ ಸರಿ. ಉಳಿದ ವಿವರ ಓದುವುದು ಆಮೇಲಿರಲಿ.

ಈಗ ಏನಾಯಿತು ಎಂಬುದನ್ನು ಹೇಳುತ್ತೇನೆ. ಆಮಂತ್ರಣ ಪತ್ರಿಕೆ ಚಿತ್ರವಾಗಿರುತ್ತದೆ, ಪಿಡಿಎಫ್ ಆಗಿರುತ್ತದೆ, ಹೆಚ್ಚೆಂದರೆ ವಿಡಿಯೊ ಆಗಿರುತ್ತದೆ. ನಿಮಗೆ ಬಂದದ್ದು ಎಪಿಕೆ, ಅಂದರೆ ಒಂದು ಇಡೀ ಆ್ಯಪ್. ಕಡತದ ಹೆಸರಿನ ಕೊನೆಯಲ್ಲಿ ಚುಕ್ಕಿಯ ನಂತರ ಬರುವ ಆ ಮೂರು ಅಕ್ಷರಗಳನ್ನು ನೋಡಿದ್ದರೆ ಗೊತ್ತಾಗುತ್ತಿತ್ತು. ಆದರೆ ಹೆಸರನ್ನು ಉದ್ದ ಮಾಡಿ ಆ ಅಕ್ಷರಗಳು ಕಾಣದಂತೆ ಮಾಡುವುದು ಅವರಿಗೆ ಕಷ್ಟವಲ್ಲ. ಎರಡನೆಯ ಸುಳಿವು ಇನ್ನೂ ಖಚಿತವಾದದ್ದು. ಆಂಡ್ರಾಯ್ಡ್ ‘ಅಪರಿಚಿತ ಮೂಲದಿಂದ ಇನ್‌ಸ್ಟಾಲ್ ಮಾಡಲು ಅನುಮತಿಸುವಿರಾ?’ ಎಂದು ಕೇಳಿರಲೇಬೇಕು. ಯಾವ ಕರೆಯೋಲೆಯೂ ನಿಮ್ಮ ಫೋನಿನಲ್ಲಿ ಇನ್‌ಸ್ಟಾಲ್ ಆಗಬೇಕಿಲ್ಲ. ಮದುವೆಯ ಹೆಸರಿನಲ್ಲಿ ಬಂದದ್ದೇ ನಾಳೆ ಸಂಚಾರ ದಂಡದ ಚಲನ್ ಎಂದು ಬರುತ್ತದೆ, ಪಿಎಂ ಕಿಸಾನ್ ಕಂತಿನ ಪಟ್ಟಿ ಎಂದು ಬರುತ್ತದೆ, ಬ್ಯಾಂಕಿನ ಕೆವೈಸಿ ಎಂದು ಬರುತ್ತದೆ. ವೇಷ ಯಾವುದಾದರೂ ಒಳಗಿರುವ ಕಳ್ಳ ಒಬ್ಬನೇ.

ಅವನು ಕೇಳುವ ಮುಖ್ಯ ಅನುಮತಿ ಎಸ್‌ಎಂಎಸ್ ಓದುವುದು ಮತ್ತು ಕಳುಹಿಸುವುದು. ನಮ್ಮ ದೇಶದಲ್ಲಿ ಹಣದ ಬಾಗಿಲಿನ ಕೀಲಿಕೈ ಅಲ್ಲೇ ಇದೆ. ಒಟಿಪಿ ಬರುವುದು ಎಸ್‌ಎಂಎಸ್‌ನಲ್ಲಿ. ಯುಪಿಐ ನೋಂದಣಿಯಾಗುವುದೂ ನಿಮ್ಮ ಸಿಮ್‌ನಿಂದ ಹೊರಡುವ ಒಂದು ಎಸ್‌ಎಂಎಸ್ ಮೂಲಕ. ಎರಡೂ ಅವನ ಕೈಯಲ್ಲಿದ್ದರೆ ನೀವು ಒಟಿಪಿಯನ್ನು ಯಾರಿಗೂ ಹೇಳದೆಯೇ ಅದು ಅವನಿಗೆ ತಲುಪಿರುತ್ತದೆ. ‘ಒಟಿಪಿ ಯಾರಿಗೂ ಹೇಳಬೇಡಿ’ ಎಂಬ ಒಂದೇ ಎಚ್ಚರಿಕೆಯನ್ನು ಇಷ್ಟು ವರ್ಷ ಉರುಹೊಡೆಸಿದ ಬ್ಯಾಂಕುಗಳ ಮೇಲೆ ನನಗೆ ಸಿಟ್ಟಿರುವುದು ಇದಕ್ಕೇ. ಎಸ್‌ಎಂಎಸ್ ಸುರಕ್ಷಿತ ಮಾರ್ಗವಲ್ಲ ಎಂಬುದು ತಜ್ಞರಿಗೆ ಎಂದೋ ಗೊತ್ತಿತ್ತು. ರಿಸರ್ವ್ ಬ್ಯಾಂಕ್ 2025ರಲ್ಲಿ ದೃಢೀಕರಣದ ಹೊಸ ನಿರ್ದೇಶನ ಹೊರಡಿಸಿ, 2026ರ ಏಪ್ರಿಲ್ 1ರಿಂದ ಜಾರಿ ಎಂದು ನಿಗದಿಪಡಿಸಿತು. ಎಸ್‌ಎಂಎಸ್ ಒಟಿಪಿಯನ್ನು ಅದು ನಿಷೇಧಿಸಿಲ್ಲ, ಬೇರೆ ದಾರಿಗಳಿಗೆ ಬ್ಯಾಂಕುಗಳನ್ನು ಪ್ರೋತ್ಸಾಹಿಸಿದೆ ಅಷ್ಟೆ. ಅದು ಇನ್ನೂ ಬಿಗಿಯಾಗಿರಬೇಕಿತ್ತು.

ನಿಮ್ಮ ಫೋನಿಗೆ ಮದ್ದು ಫ್ಯಾಕ್ಟರಿ ರೀಸೆಟ್, ಅಂದರೆ ಅದರಲ್ಲಿರುವುದನ್ನೆಲ್ಲ ಅಳಿಸಿ ಹೊಸ ಫೋನಿನಂತೆ ಮಾಡುವುದು. ಇಂಥ ಆ್ಯಪ್‌ಗಳು ತಮ್ಮ ಚಿಹ್ನೆಯನ್ನು ಮರೆಮಾಡಿಕೊಳ್ಳುವುದು ಮಾಮೂಲು. ಅಳಿಸಿದೆ ಎಂದುಕೊಂಡರೂ ಪೂರ್ತಿ ಹೋಯಿತೆಂಬ ಖಾತ್ರಿಯಿಲ್ಲ. ಫೋಟೊಗಳನ್ನು ಕಂಪ್ಯೂಟರಿಗೆ ನಕಲಿಸಿಕೊಳ್ಳಿ, ವಾಟ್ಸ್ಆ್ಯಪ್‌ನ ಡಾಕ್ಯುಮೆಂಟ್ ಫೋಲ್ಡರನ್ನು ಬಿಟ್ಟುಬಿಡಿ, ನಂತರ ರೀಸೆಟ್ ಮಾಡಿ. ಹೊಸದಾಗಿ ಶುರುವಾದ ಮೇಲೆ ವಾಟ್ಸ್ಆ್ಯಪ್‌ನ ‘ಲಿಂಕ್ಡ್ ಡಿವೈಸಸ್’ನಲ್ಲಿ ಗುರುತಿಲ್ಲದ ಸಾಧನವಿದ್ದರೆ ತೆಗೆದುಹಾಕಿ, ಎರಡು ಹಂತದ ಪರಿಶೀಲನೆಯ ಪಿನ್ ಇಡಿ. ಕರೆಗಳು ಬೇರೆಡೆಗೆ ತಿರುಗುತ್ತಿದ್ದರೆ ##002# ಡಯಲ್ ಮಾಡಿದರೆ ಎಲ್ಲ ಫಾರ್ವರ್ಡಿಂಗ್ ರದ್ದಾಗುತ್ತದೆ. ಇಮೇಲ್ ಮತ್ತು ಬ್ಯಾಂಕ್ ಪಾಸ್‌ವರ್ಡ್‌ಗಳನ್ನು ಬದಲಿಸುವುದು ರೀಸೆಟ್ ಆದ ಮೇಲೆ ಅಥವಾ ಬೇರೆ ಸಾಧನದಿಂದ. ಸೋಂಕಿದ ಫೋನಿನಲ್ಲಿ ಬದಲಿಸಿದರೆ ಹೊಸ ಪಾಸ್‌ವರ್ಡ್ ಕೂಡ ಅವರಿಗೇ ಹೋಗಬಹುದು. ನಿಮ್ಮಿಂದ ಕಡತ ಪಡೆದವರಿಗೆಲ್ಲ ಇವತ್ತೇ ಕರೆ ಮಾಡಿ ತಿಳಿಸಿ. ಸಂಕೋಚಪಟ್ಟು ಸುಮ್ಮನಿದ್ದರೆ ಮುಂದಿನ ಸರದಿ ಅವರದು.

ಹಣ ಹೋದರೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ಹೊರಡಿಸಿದ ನಿಯಮದ ತಿರುಳು ಹೀಗಿದೆ: ಬ್ಯಾಂಕಿನದೂ ಅಲ್ಲದ ಗ್ರಾಹಕರದೂ ಅಲ್ಲದ ಲೋಪದಿಂದ ಹಣ ಹೋಗಿ, ಬ್ಯಾಂಕಿನಿಂದ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರ ಹೊಣೆ ಶೂನ್ಯ. ಗ್ರಾಹಕರ ನಿರ್ಲಕ್ಷ್ಯವೇ ಕಾರಣವಾಗಿದ್ದರೂ, ದೂರು ಕೊಟ್ಟ ನಂತರ ಆಗುವ ನಷ್ಟ ಬ್ಯಾಂಕಿನದು. ‘ನಿರ್ಲಕ್ಷ್ಯ’ ಎಂದು ಬ್ಯಾಂಕ್ ವಾದಿಸುವುದು ಹೆಚ್ಚುಕಡಿಮೆ ಖಂಡಿತ. ಹಾಗಾಗಿ ದೂರು ದಾಖಲಾದ ಗಳಿಗೆಯೇ ನಿಮ್ಮ ದೊಡ್ಡ ಆಧಾರ.

ಆ್ಯಂಟಿವೈರಸ್ ಬೇಡ. ಪ್ಲೇ ಸ್ಟೋರ್‌ನಲ್ಲಿರುವ ‘ಪ್ಲೇ ಪ್ರೊಟೆಕ್ಟ್’ ಉಚಿತ. ಎಸ್‌ಎಂಎಸ್ ಓದಲು ಬಯಸುವ ಹೊರಗಿನ ಆ್ಯಪ್‌ಗಳನ್ನು ತಡೆಯುವ ಹೆಚ್ಚುವರಿ ರಕ್ಷಣೆಯನ್ನು ಗೂಗಲ್ 2024ರಿಂದ ಭಾರತದಲ್ಲಿ ತಂದಿದೆ. ಅದನ್ನು ಆಫ್ ಮಾಡು ಎಂದು ಯಾವ ಆ್ಯಪ್ ಹೇಳಿದರೂ ಅಲ್ಲಿಗೆ ನಿಲ್ಲಿಸಿ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. 2017ರಲ್ಲಿ ಕೊಂಡ ಲ್ಯಾಪ್‌ಟಾಪ್ ಇದೆ, ಇಂಟೆಲ್ ಏಳನೇ ತಲೆಮಾರಿನ ಐ5, 8 ಜಿಬಿ ರ್‍ಯಾಮ್. ವಿಂಡೋಸ್ 10ರ ಕಾಲ ಮುಗಿಯಿತು, ಇದಕ್ಕೆ ವಿಂಡೋಸ್ 11 ಬರುವುದಿಲ್ಲ, ಹೊಸದನ್ನೇ ಕೊಳ್ಳಿ ಎನ್ನುತ್ತಾರೆ ಅಂಗಡಿಯವರು. ಇದರಲ್ಲಿ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ ಎಷ್ಟೋ ವರ್ಷಗಳ ಬರಹಗಳಿವೆ. (ಶಿರಸಿಯ ಓದುಗರು)

ಉತ್ತರ: ಹೊಸದನ್ನು ಕೊಳ್ಳಬೇಡಿ. ಆ ಯಂತ್ರದಲ್ಲಿ ಇನ್ನೂ ಹಲವು ವರ್ಷಗಳ ಜೀವವಿದೆ.

ಅಂಗಡಿಯವರು ಹೇಳಿದ ಮಾತು ಅರ್ಧ ಸರಿ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ ಮುಗಿದಿದೆ. ಅಂದರೆ ಲ್ಯಾಪ್‌ಟಾಪ್ ನಿಂತುಹೋಗುವುದಿಲ್ಲ, ಹೊಸದಾಗಿ ಪತ್ತೆಯಾಗುವ ದೋಷಗಳಿಗೆ ತೇಪೆ ಬರುವುದಿಲ್ಲ. ದಿನ ಕಳೆದಂತೆ ಅಪಾಯ ಹೆಚ್ಚುತ್ತದೆ. ಇಂಟೆಲ್‌ನಲ್ಲಿ ಎಂಟನೇ ತಲೆಮಾರಿನ ಪ್ರೊಸೆಸರ್ ಮತ್ತು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇಲ್ಲದ ಯಂತ್ರಕ್ಕೆ ವಿಂಡೋಸ್ 11 ಅಧಿಕೃತವಾಗಿ ಇಲ್ಲ ಎಂಬುದು ಮೈಕ್ರೋಸಾಫ್ಟ್ ಎಳೆದ ಗೆರೆ. ಏಳನೆಯದರಲ್ಲಿ ಬೆರಳೆಣಿಕೆಯ ಮಾದರಿಗಳಿಗೆ ಮಾತ್ರ ವಿನಾಯಿತಿ. ಸುರಕ್ಷತೆಯ ಕಾರಣ ಪೂರ್ತಿ ಸುಳ್ಳಲ್ಲ. ಆದರೂ ಚೆನ್ನಾಗಿ ಓಡುತ್ತಿರುವ ಕೋಟಿಗಟ್ಟಲೆ ಯಂತ್ರಗಳನ್ನು ಒಂದು ಪಟ್ಟಿಯ ಬಲದಿಂದ ಕಸಕ್ಕೆ ನೂಕುವುದು ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ತಕ್ಷಣಕ್ಕೆ ಒಂದು ಉಪಾಯವಿದೆ. ಮನೆಬಳಕೆಯವರಿಗೆ 2026ರ ಅಕ್ಟೋಬರ್ 13ರವರೆಗೆ ವಿಸ್ತೃತ ಭದ್ರತಾ ಅಪ್‌ಡೇಟ್ ಕೊಡುವುದಾಗಿ ಮೈಕ್ರೋಸಾಫ್ಟ್ ಪ್ರಕಟಿಸಿದೆ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಚಾಲೂ ಮಾಡಿದರೆ ಹಣ ಕೊಡಬೇಕಿಲ್ಲ. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲಿಯೇ ಅದರ ಕೊಂಡಿಯಿದೆ. ಆ ಗಡುವು ನಿಮ್ಮ ಸಿದ್ಧತೆಗೆ ಸಿಕ್ಕ ಸಮಯ ಎಂದುಕೊಳ್ಳಿ. ಅದರ ನಂತರ ನಾನು ಸೂಚಿಸುವುದು, ವಿಂಡೋಸ್ ಬದಲಿಗೆ ಹಾಕಿಕೊಳ್ಳಬಹುದಾದ ಉಚಿತ ಕಾರ್ಯಾಚರಣ ವ್ಯವಸ್ಥೆ ಲಿನಕ್ಸ್ ಮಿಂಟ್. ಅದರ 22ನೇ ಆವೃತ್ತಿಗೆ 2029ರವರೆಗೆ ಉಚಿತ ಅಪ್‌ಡೇಟ್ ಇದೆ. ನೋಟದಲ್ಲಿ ಹಳೆಯ ವಿಂಡೋಸ್‌ಗೆ ಹತ್ತಿರ. ಪೆನ್‌ಡ್ರೈವ್‌ನಿಂದ ಚಾಲೂ ಮಾಡಿ, ಏನನ್ನೂ ಅಳಿಸದೆ ನೋಡಬಹುದು. ಯೂಟ್ಯೂಬಿನ ಕಿತಾಪತಿಗಳಿಂದ ವಿಂಡೋಸ್ 11 ಹಾಕಿಸಿಕೊಳ್ಳುವುದು ಸಾಧ್ಯವಿದೆ. ಆದರೆ ಮುಂದೊಂದು ಅಪ್‌ಡೇಟ್ ಕೈಕೊಟ್ಟರೆ ಪಕ್ಕದಲ್ಲಿ ತಿಳಿದವರಿರಬೇಕು.

ಲ್ಯಾಪ್‌ಟಾಪ್ ನಿಧಾನ ಎನಿಸುತ್ತಿದ್ದರೆ ಅದರಲ್ಲಿ ತಿರುಗುವ ಹಾರ್ಡ್ ಡಿಸ್ಕ್ ಇರುವ ಸಂಭವ ಹೆಚ್ಚು. ಅದರ ಬದಲು, ತಿರುಗುವ ಭಾಗಗಳಿಲ್ಲದ ವೇಗದ ಎಸ್‌ಎಸ್‌ಡಿ ಹಾಕಿಸಿ. ಹಳೆಯ ಯಂತ್ರಕ್ಕೆ ಇದಕ್ಕಿಂತ ಒಳ್ಳೆಯ ಖರ್ಚು ಬೇರೆ ಇಲ್ಲ.

ಇನ್ನು ನಿಮ್ಮ ಬರಹಗಳು. ನನಗೆ ಲ್ಯಾಪ್‌ಟಾಪಿಗಿಂತ ಅವುಗಳ ಚಿಂತೆಯೇ ಹೆಚ್ಚು. ಹಳೆಯ ನುಡಿ ಕಡತದೊಳಗೆ ಇರುವುದು ಕನ್ನಡವಲ್ಲ. ಪರದೆಯ ಮೇಲೆ ‘ಕ’ ಎಂದು ಕಾಣುವ ಕಡೆ ಕಡತದಲ್ಲಿ ಕುಳಿತಿರುವುದು ಇಂಗ್ಲಿಷಿನ ದೊಡ್ಡ ‘ಪಿ’ ಮತ್ತು ಪಕ್ಕದಲ್ಲಿ ನೆತ್ತಿಗೆ ಓರೆಗೀಟು ಬಿದ್ದ ಒಂದು ‘ಎ’. ನುಡಿ ಫಾಂಟ್ ಇದ್ದರೆ ಆ ಜೋಡಿ ‘ಕ’ ಆಗಿ ಕಾಣುತ್ತದೆ, ಫಾಂಟ್ ಇಲ್ಲದ ಯಂತ್ರದಲ್ಲಿ ಪುಟ ತುಂಬ ಅರ್ಥವಿಲ್ಲದ ಸೊಟ್ಟ ಗೀಟುಗಳು. ಆ ಬರಹವನ್ನು ಮೊಬೈಲಿನಲ್ಲಿ ಓದಲಾಗುವುದಿಲ್ಲ, ‘ಕನ್ನಡ’ ಎಂದು ಹುಡುಕಿದರೆ ಸಿಗುವುದಿಲ್ಲ. ಎಲ್ಲ ಯಂತ್ರಗಳಿಗೂ ಅರ್ಥವಾಗುವ ಅಕ್ಷರ ಸಂಕೇತವಾದ ಯುನಿಕೋಡ್‌ಗೆ ಪರಿವರ್ತಿಸಿದರೆ ಮಾತ್ರ ಅದು ನಿಜವಾದ ಕನ್ನಡ ಪಠ್ಯವಾಗುತ್ತದೆ. ನುಡಿಯ ಹೊಸ ಆವೃತ್ತಿಗಳಲ್ಲಿ ಪರಿವರ್ತಕವಿದೆ, ಅಂತರ್ಜಾಲದಲ್ಲೂ ಉಚಿತ ಪರಿವರ್ತಕಗಳಿವೆ. ಎರಡು ಕಡೆ ಕಣ್ಣಿಡಿ: ಅರ್ಕಾವತ್ತು ಇರುವ ಪದಗಳು ಮತ್ತು ನಡುವೆ ಬಂದ ಇಂಗ್ಲಿಷ್ ಪದಗಳು. ಪರಿವರ್ತಕ ಇಂಗ್ಲಿಷನ್ನೂ ಕನ್ನಡವೆಂದು ಭಾವಿಸಿ ಅರ್ಥವಿಲ್ಲದ ಅಕ್ಷರಗಳನ್ನು ಸುರಿಯುತ್ತದೆ. ಮೂಲ ಕಡತವನ್ನು ಎಂದೂ ಅಳಿಸಬೇಡಿ. ಮೂಲ ಮತ್ತು ಯುನಿಕೋಡ್ ಎರಡನ್ನೂ ಒಂದು ಹೊರಗಿನ ಡಿಸ್ಕಿನಲ್ಲಿ, ಜೊತೆಗೆ ಮನೆಯಿಂದ ಹೊರಗೆ ಇನ್ನೊಂದು ಕಡೆ ಇಡಿ.

ಕೀಲಿಮಣೆಯ ಭಯವೂ ಬೇಡ. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ, ನಿಮ್ಮ ಬೆರಳುಗಳಿಗೆ ರೂಢಿಯಾಗಿರುವ ಅದೇ ಕಗಪ ಕೀಲಿಮಣೆ ಲಿನಕ್ಸ್‌ನಲ್ಲಿ ಅಂತರ್ಗತವಾಗಿಯೇ ಇದೆ. ಭಾಷೆಯ ಪಟ್ಟಿಯಲ್ಲಿ ಕನ್ನಡದ ಕೆಳಗೆ ಹುಡುಕಿ.

ಪ್ರಶ್ನೆ: ವಿಳಾಸದ ಪಕ್ಕದಲ್ಲಿ ಬೀಗದ ಚಿತ್ರ ಇದ್ದರೆ ಆ ತಾಣ ಅಸಲಿ ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಬೀಗ ಇದ್ದ ತಾಣದಲ್ಲೇ ಮೋಸ ಹೋದೆ. (ಮೈಸೂರಿನ ಓದುಗರು)

ಉತ್ತರ: ನಿಮಗೆ ಹೇಳಿಕೊಟ್ಟದ್ದು ತಪ್ಪು. ನಿಮಗೂ ಆ ತಾಣಕ್ಕೂ ನಡುವಿನ ಮಾತನ್ನು ಮೂರನೆಯವರು ಕದ್ದು ಕೇಳಲಾರರು ಎಂಬುದಷ್ಟೇ ಬೀಗದ ಅರ್ಥ. ಆಚೆ ತುದಿಯಲ್ಲಿ ಕುಳಿತವನು ಕಳ್ಳನಾಗಿದ್ದರೆ, ಅವನೊಂದಿಗೆ ನೀವು ಅತ್ಯಂತ ಗೋಪ್ಯವಾಗಿ ಮಾತನಾಡುತ್ತಿದ್ದೀರಿ. ಬೀಗ ಕಾಣಿಸಲು ತಾಣಕ್ಕೆ ಬೇಕಾದ ಡಿಜಿಟಲ್ ಪ್ರಮಾಣಪತ್ರವನ್ನು ಲೆಟ್ಸ್ ಎನ್‌ಕ್ರಿಪ್ಟ್‌ನಂಥ ಸಂಸ್ಥೆಗಳು ಉಚಿತವಾಗಿ ಕೊಡುತ್ತವೆ. ಅದು ಒಳ್ಳೆಯ ಕೆಲಸವೇ, ಆದರೆ ವಂಚಕನಿಗೂ ಬೀಗ ಸುಲಭವಾಗಿ ಸಿಗುತ್ತದೆ. ಜನ ತಪ್ಪಾಗಿ ತಿಳಿಯುತ್ತಾರೆಂಬ ಕಾರಣಕ್ಕೇ ಕ್ರೋಮ್ 2023ರಲ್ಲಿ ಬೀಗದ ಚಿತ್ರವನ್ನು ತೆಗೆದುಹಾಕಿತು. ನೋಡಬೇಕಾದದ್ದು ವಿಳಾಸವನ್ನು, ಅದರಲ್ಲೂ ಅದರ ಕೊನೆಯನ್ನು. ಭಾರತದ ಬ್ಯಾಂಕುಗಳು ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಮುಗಿಯುವ ವಿಳಾಸಕ್ಕೆ 2025ರ ಅಕ್ಟೋಬರ್ 31ರೊಳಗೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿತ್ತು. ಬ್ಯಾಂಕುಗಳಿಗೆ ಬಿಟ್ಟು ಬೇರೆಯವರಿಗೆ ಆ ವಿಳಾಸ ಸಿಗುವುದಿಲ್ಲ. ಇತ್ತೀಚೆಗೆ ಆದ ಕ್ರಮಗಳಲ್ಲಿ ನಾನು ಮನಸಾರೆ ಮೆಚ್ಚಿದ್ದು ಇದನ್ನು.

ಪ್ರಶ್ನೆ: ನಮ್ಮ ಕಚೇರಿಯಲ್ಲಿ ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಿಸಲೇಬೇಕು. ಇದು ಅಗತ್ಯವೇ? (ಬೆಳಗಾವಿಯ ಓದುಗರು)

ಉತ್ತರ: ಅಲ್ಲ. ಹಾಗೆ ಬಲವಂತ ಮಾಡಿದರೆ ಜನ ಮಾಡುವುದು ಕೊನೆಯ 1 ಅನ್ನು 2 ಮಾಡುವುದು, 2 ಅನ್ನು 3 ಮಾಡುವುದು. ಕಳ್ಳರಿಗೂ ಇದು ಗೊತ್ತು. ಈ ಪದ್ಧತಿ ಹರಡಲು ಕಾರಣವಾದದ್ದು ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2004ರಲ್ಲಿ ಹೊರತಂದ ಕೈಪಿಡಿ. ಅದನ್ನು ಬರೆದ ಬಿಲ್ ಬರ್ ಅವರೇ 2017ರಲ್ಲಿ ಪತ್ರಿಕೆಯೊಂದಿಗೆ ಮಾತನಾಡುತ್ತ ಅದಕ್ಕಾಗಿ ವಿಷಾದ ವ್ಯಕ್ತಪಡಿಸಿದರು. ಅದೇ ವರ್ಷ ನಿಸ್ಟ್ ತನ್ನ ಸಲಹೆಯನ್ನು ತಿದ್ದಿತು: ಪಾಸ್‌ವರ್ಡ್ ಸೋರಿಕೆಯಾದ ಸುಳಿವಿದ್ದರೆ ಬದಲಿಸಿ, ಕ್ಯಾಲೆಂಡರ್ ನೋಡಿ ಬದಲಿಸಬೇಡಿ. ನಿಮ್ಮ ಐಟಿ ವಿಭಾಗಕ್ಕೆ ಇದನ್ನು ಲಿಖಿತವಾಗಿ ಕಳುಹಿಸಿ.

ಪಾಸ್‌ವರ್ಡಿಗೆ ಬೇಕಾದದ್ದು ಉದ್ದ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಜೋಡಿಸಿ. ವಚನದ ಸಾಲು, ಗಾದೆ, ಚಿತ್ರಗೀತೆ ಬೇಡ, ಅವು ಎಲ್ಲರ ಬಾಯಲ್ಲಿರುವಂಥವು. ಮುಖ್ಯವಾಗಿ, ಒಂದೇ ಪಾಸ್‌ವರ್ಡನ್ನು ಎರಡು ಕಡೆ ಬಳಸಬೇಡಿ. ಅಷ್ಟನ್ನೂ ನೆನಪಿಡಲು ಬಿಟ್‌ವಾರ್ಡನ್‌ನಂಥ ಉಚಿತ ಪಾಸ್‌ವರ್ಡ್ ಮ್ಯಾನೇಜರ್ ಇದೆ. ಮನೆಯ ಹಿರಿಯರಾದರೆ ನೋಟ್‌ಬುಕ್ಕಿನಲ್ಲಿ ಬರೆದು ಬೀರುವಿನಲ್ಲಿ ಇಟ್ಟರೂ ಅಡ್ಡಿಯಿಲ್ಲ. ರಷ್ಯಾದಲ್ಲೋ, ಸೈಬರ್ ವಂಚನೆಗೆ ಹೆಸರಾದ ಜಾರ್ಖಂಡಿನ ಜಾಮ್ತಾಡಾದಲ್ಲೋ ಕುಳಿತವನು ನಿಮ್ಮ ಬೀರು ತೆರೆಯಲಾರ.

ಪ್ರಶ್ನೆ: ಅಮ್ಮನಿಗೆ ಹದಿನೈದರಿಂದ ಇಪ್ಪತ್ತು ಸಾವಿರದೊಳಗಿನ ಫೋನ್ ಬೇಕು. ಕ್ಯಾಮೆರಾ ನೋಡಲೋ, ಬ್ಯಾಟರಿ ನೋಡಲೋ? (ದುಬೈನಿಂದ ಓದುಗರು)

ಉತ್ತರ: ಮೊದಲು ಭದ್ರತಾ ಅಪ್‌ಡೇಟ್ ಎಷ್ಟು ವರ್ಷ ಎಂದು ನೋಡಿ. ಈ ಬೆಲೆಯಲ್ಲಿ ಕ್ಯಾಮೆರಾಗಳ ವ್ಯತ್ಯಾಸ ನಿಮ್ಮ ಅಮ್ಮನ ಬಳಕೆಗೆ ದೊಡ್ಡದಲ್ಲ. ಬ್ಯಾಂಕು, ಯುಪಿಐ, ಡಿಜಿಲಾಕರ್ ಎಲ್ಲವೂ ಅದೇ ಫೋನಿನಲ್ಲಿ ಇರುವಾಗ ತೇಪೆ ನಿಂತ ಫೋನು ಅಪಾಯ. ಗೂಗಲ್ ಪಿಕ್ಸೆಲ್ 8 ಮತ್ತು ಸ್ಯಾಮ್‌ಸಂಗ್ ಎಸ್24 ಬಂದಾಗ ಏಳು ವರ್ಷಗಳ ಭರವಸೆ ಸಿಕ್ಕಿತು. ನಿಮ್ಮ ಬೆಲೆಯ ವರ್ಗದಲ್ಲಿ 2024ರಲ್ಲಿ ಬಂದ ಗ್ಯಾಲಕ್ಸಿ ಎ16 5ಜಿಗೆ ಆರು ವರ್ಷ ಎಂದು ಸ್ಯಾಮ್‌ಸಂಗ್ ಹೇಳಿತು. ಅದೇ ಬೆಲೆಯ ಎಷ್ಟೋ ಫೋನುಗಳ ಅಪ್‌ಡೇಟ್ ಅದರ ಅರ್ಧ ಕಾಲಕ್ಕೇ ನಿಲ್ಲುತ್ತದೆ.

ಈ ವರ್ಷಗಳ ಎಣಿಕೆ ಶುರುವಾಗುವುದು ಫೋನು ಮಾರುಕಟ್ಟೆಗೆ ಬಂದ ದಿನದಿಂದ, ನೀವು ಕೊಂಡ ದಿನದಿಂದಲ್ಲ. ಹಬ್ಬದ ರಿಯಾಯಿತಿಯಲ್ಲಿ ಸಿಗುವ ಎರಡು ವರ್ಷ ಹಳೆಯ ಮಾದರಿಗೆ ನಾಲ್ಕು ವರ್ಷಗಳ ಭರವಸೆಯಿದ್ದರೆ ಅಮ್ಮನಿಗೆ ಸಿಗುವುದು ಎರಡೇ. ಯಾವ ತಿಂಗಳಲ್ಲಿ ಬಿಡುಗಡೆಯಾಯಿತು ಎಂದು ನೋಡಿ, ಉಳಿದ ವರ್ಷಗಳನ್ನು ಲೆಕ್ಕ ಹಾಕಿ, ಬೆಲೆಯನ್ನು ಅಷ್ಟರಿಂದ ಭಾಗಿಸಿ ನೋಡಿ. ಹೋಲಿಸಬೇಕಾದ ಬೆಲೆ ಅದು.