ದತ್ತಗಳ್ಳಿಯ ಹೊಸ ಫ್ಲಾಟಿಗೆ ಇನ್ಶೂರೆನ್ಸ್: ಸಹಿ ಹಾಕುವ ಮುಂಚೆ

ಕೈತೋಟದ ಗುಂಪಿನಲ್ಲಿ ಇನ್ಶೂರೆನ್ಸ್ ಮಾತು ಯಾಕೆ ಅಂತ ಅಡ್ಮಿನ್ ಬೈಯಬೇಡಿ, ಮಾತು ಕುಂಡಗಳಿಗೆ ನೀರು ಹನಿಸುವ ಡ್ರಿಪ್ ಪೈಪಿನವರೆಗೂ ಬರುತ್ತದೆ.

ತಂಗಿ, ನೀವು ಕೇಳಿದ್ದು ಇಷ್ಟು. ಮೈಸೂರಿನ ದತ್ತಗಳ್ಳಿಯಲ್ಲಿ ಮೂರನೇ ಮಹಡಿಯ ಎರಡು ಬೆಡ್‌ರೂಮಿನ ಫ್ಲಾಟು, 62 ಲಕ್ಷ. ಅದರಲ್ಲಿ 45 ಲಕ್ಷ ಸಾಲ, 20 ವರ್ಷಕ್ಕೆ. ಬ್ಯಾಂಕಿನವರು ಇನ್ಶೂರೆನ್ಸ್ ಕಡ್ಡಾಯ ಅಂತ 1,10,000 ರೂಪಾಯಿಯನ್ನು ಸಾಲಕ್ಕೇ ಸೇರಿಸಿದ್ದಾರೆ. ಮನೆಗೆ ಅದೇ ಸಾಕಾ, ಇಲ್ಲ ಬೇರೆ ಮಾಡಿಸಬೇಕಾ ಅಂತ.

ಮೊದಲು ಆ ಕಾಗದ ತೆಗೆದು ನೋಡಿ. ಅದರಲ್ಲಿ ವಿಮೆ ಯಾವುದರ ಮೇಲೆ ಅಂತ ಇದೆ? ಫ್ಲಾಟ್ ನಂಬರ್, ವಿಳಾಸ ಇಲ್ಲದೆ ನಿಮ್ಮ ಅಥವಾ ನಿಮ್ಮ ಯಜಮಾನರ ಹೆಸರು, ಹುಟ್ಟಿದ ದಿನ ಮಾತ್ರ ಇದ್ದರೆ ಅದು ಮನೆಯ ಇನ್ಶೂರೆನ್ಸ್ ಅಲ್ಲವೇ ಅಲ್ಲ. ಅದು ಸಾಲ ತೆಗೆದವರ ಜೀವವಿಮೆ. ಅವರಿಗೆ ಏನಾದರೂ ಆದರೆ ಉಳಿದ ಸಾಲ ತೀರುತ್ತದೆ, ಅಷ್ಟೇ. ನಾಳೆ ಅಡುಗೆಮನೆಗೆ ಬೆಂಕಿ ಬಿದ್ದರೆ ಅದರಿಂದ ಒಂದು ಟೈಲ್ಸಿನ ದುಡ್ಡೂ ಬರುವುದಿಲ್ಲ. ಮೊತ್ತ ನೋಡಿದರೆ ನಿಮ್ಮದೂ ಅದೇ ಅಂತ ನನ್ನ ಅನಿಸಿಕೆ. ಮನೆಗೆ ಅಷ್ಟು ಪ್ರೀಮಿಯಂ ಬೀಳುವುದಿಲ್ಲ.

ಜೀವವಿಮೆ ಬೇಡ ಅಂತಲ್ಲ, ಸಾಲ ಇರುವವರಿಗೆ ಬೇಕೇ ಬೇಕು. ಆದರೆ ಅದನ್ನು ಸಾಲದೊಳಗೆ ಸೇರಿಸಿದರೆ ಏನಾಗುತ್ತದೆ ಲೆಕ್ಕ ಹಾಕಿ. ಬಡ್ಡಿ 8.5 ಪರ್ಸೆಂಟ್ ಅಂತ ಇಟ್ಟುಕೊಂಡರೂ ಆ 1,10,000ಕ್ಕೆ ತಿಂಗಳಿಗೆ 955 ರೂಪಾಯಿ ಕಂತು, 20 ವರ್ಷಕ್ಕೆ ಒಟ್ಟು 2,29,000 ಕಟ್ಟಿರುತ್ತೀರಿ. ಇಂಥ ಪಾಲಿಸಿಗಳಲ್ಲಿ ಸಾಲ ಇಳಿದ ಹಾಗೆ ವಿಮೆಯ ಮೊತ್ತವೂ ಇಳಿಯುತ್ತಾ ಹೋಗುವುದೇ ಜಾಸ್ತಿ. ಅದರ ಬದಲು ಬೇರೆಯಾಗಿ ಒಂದು ಟರ್ಮ್ ಪಾಲಿಸಿಯ, ಅಂದರೆ ಇಂತಿಷ್ಟು ವರ್ಷಕ್ಕೆ ಅಂತ ಮಾಡಿಸುವ ಬರೀ ಜೀವವಿಮೆಯ, ರೇಟು ಕೇಳಿ ನೋಡಿ. ಇಬ್ಬರೂ ಸೇರಿ ಸಾಲ ತೆಗೆದಿದ್ದರೆ ಯಾರ ಸಂಬಳದ ಮೇಲೆ ಕಂತು ನಿಂತಿದೆಯೋ ಅವರ ಹೆಸರಿನಲ್ಲಿ ವಿಮೆ ಇದೆಯಾ ಅಂತಲೂ ನೋಡಿ. ಬೇಡ ಅನ್ನಿಸಿದರೆ ಪಾಲಿಸಿ ಕೈಗೆ ಬಂದು 30 ದಿನದೊಳಗೆ ವಾಪಸ್ ಮಾಡಬಹುದು, ಸ್ವಲ್ಪ ಹಿಡಿದುಕೊಂಡು ಉಳಿದದ್ದು ಕೊಡುತ್ತಾರೆ. ಬಾಯಲ್ಲಿ ಹೇಳಬೇಡಿ, ಮೇಲ್ ಹಾಕಿ.

ಇನ್ನು ಕಡ್ಡಾಯ ಅನ್ನುವ ಮಾತು. ಅಡಮಾನ ಇಟ್ಟ ಮನೆಗೆ ಇನ್ಶೂರೆನ್ಸ್ ಇರಲಿ ಅಂತ ಬ್ಯಾಂಕು ಕೇಳಬಹುದು, ಸಾಲದ ಕರಾರಿನಲ್ಲಿ ಹಾಗೆ ಬರೆದೂ ಇರುತ್ತದೆ. ಆದರೆ ನಮ್ಮ ಹತ್ತಿರವೇ, ಇದೇ ಕಂಪನಿಯದೇ ತಗೊಳ್ಳಿ ಅಂತ ಬಲವಂತ ಮಾಡುವ ಹಾಗಿಲ್ಲ. ಇದನ್ನು ಮೆತ್ತಗೆ ಬರೆದು ಕೇಳಿ, ಕಡ್ಡಾಯ ಎನ್ನುವುದನ್ನು ಬರೆದು ಕೊಡಿ ಸಾರ್ ಅಂತ. ಸಾಮಾನ್ಯವಾಗಿ ಅಲ್ಲಿಗೆ ದನಿ ಇಳಿಯುತ್ತದೆ.

ಮನೆಗೆ ಅಂತ ನೋಡುವುದಾದರೆ ಭಾರತ್ ಗೃಹ ರಕ್ಷಾ ಅಂತ ಕೇಳಿ. 2021ರ ಏಪ್ರಿಲ್ 1ರಿಂದ ಇದೆ. ವಿಮೆ ಕಂಪನಿಗಳ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆ ಐಆರ್‌ಡಿಎಐ ಮಾಡಿಸಿದ ಒಂದೇ ನಮೂನೆಯ ಪಾಲಿಸಿ, ಹಾಗಾಗಿ ಯಾವ ಕಂಪನಿಯಲ್ಲಿ ತಗೊಂಡರೂ ಮೂಲ ಷರತ್ತುಗಳು ಒಂದೇ. ರೇಟು, ಕ್ಲೇಮಿನಲ್ಲಿ ಅಂದರೆ ಪರಿಹಾರ ಕೇಳಿದಾಗ ನಡೆದುಕೊಳ್ಳುವ ರೀತಿ, ಇವೆರಡನ್ನೇ ಹೋಲಿಸಿದರೆ ಸಾಕು. ಬೆಂಕಿ, ಸಿಡಿಲು, ಬಿರುಗಾಳಿ, ನೆರೆ, ಭೂಕಂಪ, ಗಲಭೆ, ಪೈಪ್ ಅಥವಾ ಟ್ಯಾಂಕ್ ಒಡೆದು ಆದ ಹಾನಿ, ಎಲ್ಲಾ ಸೇರಿದೆ.

ಎಲ್ಲರೂ ಎಡವುವುದು ಮೊತ್ತದಲ್ಲಿ. ಫ್ಲಾಟಿಗೆ 62 ಲಕ್ಷ ಕೊಟ್ಟಿದ್ದೇನೆ, 62 ಲಕ್ಷಕ್ಕೇ ಮಾಡಿಸುತ್ತೇನೆ ಅನ್ನಬೇಡಿ. ಅದರಲ್ಲಿ ಜಾಗದ ಬೆಲೆ ಇದೆ, ದತ್ತಗಳ್ಳಿ ಅನ್ನುವ ಹೆಸರಿನ ಬೆಲೆ ಇದೆ, ಬಿಲ್ಡರ್ ಲಾಭ ಇದೆ. ಜಾಗ ಸುಟ್ಟು ಹೋಗುವುದಿಲ್ಲ, ಅಲ್ವಾ? ಈ ಪಾಲಿಸಿಯಲ್ಲಿ ಕಾರ್ಪೆಟ್ ಏರಿಯಾವನ್ನು, ಅಂದರೆ ಗೋಡೆಗಳೊಳಗೆ ಬಳಸುವ ಜಾಗವನ್ನು, ಇವತ್ತಿನ ಕಟ್ಟುವ ಖರ್ಚಿನಿಂದ ಗುಣಿಸುತ್ತಾರೆ. ಕಾರ್ಪೆಟ್ 850 ಚದರಡಿ, ಅಡಿಗೆ 2,500 ಅಂತ ಹಿಡಿದರೆ 21,25,000. ಮೆಟ್ಟಿಲು, ಲಿಫ್ಟಿನ ಪಾಲೂ ಸೇರಿದ ಸೂಪರ್ ಬಿಲ್ಟಪ್ ಅಳತೆ ಬರೆಸಬೇಡಿ. ಕಟ್ಟಡದ ಮೊತ್ತದ 20 ಪರ್ಸೆಂಟ್, ಹೆಚ್ಚೆಂದರೆ 10 ಲಕ್ಷ, ಒಳಗಿನ ಸಾಮಾನಿಗೆ ತಾನಾಗಿಯೇ ಸೇರುತ್ತದೆ. ನಿಮಗೆ 4,25,000 ಬರುತ್ತದೆ. ಮಂಚ, ಬೀರು, ಫ್ರಿಜ್ಜು, ವಾಷಿಂಗ್ ಮಷಿನ್ನಿಗೆ ಸಾಕು. ಚಿನ್ನ ಇದರಲ್ಲಿ ಬರುವುದಿಲ್ಲ, ಬೇಕಾದರೆ ಬೇರೆ ಬರೆಸಬೇಕು. ನನ್ನ ಫ್ಲಾಟು ನಿಮ್ಮದಕ್ಕಿಂತ ಸ್ವಲ್ಪ ಚಿಕ್ಕದು, 18 ಪರ್ಸೆಂಟ್ ಜಿಎಸ್‌ಟಿ ಸೇರಿ ವರ್ಷಕ್ಕೆ ಸಾವಿರದ ಆಸುಪಾಸು ಕಟ್ಟುತ್ತಿದ್ದೇನೆ.

ಅದಕ್ಕೂ ಮುಂಚೆ ಅಸೋಸಿಯೇಷನ್ ಸೆಕ್ರೆಟರಿಯನ್ನು ಒಂದು ಮಾತು ಕೇಳಿ. ಕೆಲವು ಕಡೆ ಇಡೀ ಕಟ್ಟಡಕ್ಕೆ ಸೇರಿಸಿ ಪಾಲಿಸಿ ಮಾಡಿಸಿರುತ್ತಾರೆ. ಆಗ ನಿಮಗೆ ಒಳಗಿನ ಸಾಮಾನಿಗೆ ಮಾತ್ರ ಸಾಕಾಗಬಹುದು.

ಇನ್ನು ಏನು ಬರುವುದಿಲ್ಲ ಅನ್ನುವುದು. ಬಾತ್‌ರೂಮಿನಿಂದ ನಿಧಾನಕ್ಕೆ ಜಿನುಗಿ ಗೋಡೆ ಬೂಸ್ಟು ಹಿಡಿದರೆ ಇಲ್ಲ. ಹೊಸ ಕಟ್ಟಡ ಬಿರುಕು ಬಿಟ್ಟರೆ ಇನ್ಶೂರೆನ್ಸಿನವರ ಹತ್ತಿರ ಹೋಗಬೇಡಿ, ಬಿಲ್ಡರನ್ನು ಹಿಡಿಯಿರಿ. ಮನೆ ಕೊಳ್ಳುವವರ ರಕ್ಷಣೆಗೆ ಇರುವ ರೇರಾ ಕಾಯ್ದೆಯಲ್ಲಿ ಸ್ವಾಧೀನ ಕೊಟ್ಟ ದಿನದಿಂದ 5 ವರ್ಷ ಕಟ್ಟಡದ ದೋಷ ಅವರೇ ಸರಿಮಾಡಿ ಕೊಡಬೇಕು ಅಂತ ಇದೆ. ಮೇ ತಿಂಗಳ ಗುಡುಗು ಮಳೆಯಲ್ಲಿ ವೋಲ್ಟೇಜ್ ಏರಿ ಟಿವಿ ಮಾತ್ರ ಸುಟ್ಟರೆ ಟಿವಿಗೆ ದುಡ್ಡಿಲ್ಲ, ಅದರಿಂದ ಬೆಂಕಿ ಹತ್ತಿ ಪರದೆ, ಸೋಫಾ ಹೋದರೆ ಅವಕ್ಕೆ ಇದೆ. ಯುಗಾದಿಗೆ ಬೀಗ ಹಾಕಿಕೊಂಡು ಊರಿಗೆ ಹೋದಾಗ ಕಳ್ಳರು ನುಗ್ಗಿದರೂ ಇದರಲ್ಲಿ ಇಲ್ಲ. ಬೆಂಕಿ, ನೆರೆ ಥರದ ಘಟನೆ ಆಗಿ 7 ದಿನದೊಳಗೆ ಅದರಿಂದಾಗಿ ಕಳವಾದರೆ ಮಾತ್ರ ಇದೆ. ಹಾಗಾಗಿ ಕಳ್ಳತನಕ್ಕೆ ಬರ್ಗ್ಲರಿ ಅಂತ ಬೇರೆ ತಗೊಳ್ಳಬೇಕು.

ಈಗ ಡ್ರಿಪ್ ಕಥೆ. ಎರಡು ವರ್ಷದ ಹಿಂದೆ ಶ್ರೀರಂಗಪಟ್ಟಣಕ್ಕೆ ಮದುವೆಗೆ ಅಂತ ಹೋಗಿದ್ದೆ, ಬಾಲ್ಕನಿಯ ಟೊಮೆಟೊ, ಮೆಣಸಿನ ಕುಂಡಗಳಿಗೆ ಟೈಮರ್ ಇಟ್ಟು. ಟೈಮರಿನ ವಾಲ್ವ್ ತೆರೆದದ್ದು ಮುಚ್ಚಲೇ ಇಲ್ಲ. ಬಾಲ್ಕನಿಯ ನೀರು ಹೋಗುವ ತೂತಿಗೆ ಕುಂಡದ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಕಟ್ಟಿಕೊಂಡಿತ್ತು. ಎರಡು ರಾತ್ರಿ ನೀರು ಹರಿದಿದೆ. ವಾಪಸ್ ಬಂದಾಗ ಕೆಳಗಿನ ಮನೆಯವರು ಕರೆದು ತೋರಿಸಿದರು. ಅವರ ಹಾಲ್‌ನ ಫಾಲ್ಸ್ ಸೀಲಿಂಗು ಪೂರಿ ಉಬ್ಬಿದ ಹಾಗೆ ಕೆಳಗೆ ಉಬ್ಬಿತ್ತು, ಲೈಟು ಕೂರಿಸಿದ್ದ ತೂತಿನಿಂದ ಟೊಪ್ ಟೊಪ್ ಅಂತ ಕೆಂಪು ನೀರು, ಕೆಳಗೆ ಇಡ್ಲಿ ಪಾತ್ರೆ. ಅವರು ಒಂದು ಮಾತೂ ಬೈಯಲಿಲ್ಲ, ಅದೇ ಜಾಸ್ತಿ ನಾಚಿಕೆ ಆಯಿತು. ನನ್ನ ಪಾಲಿಸಿ ತೆಗೆದು ನೋಡಿದರೆ ಅದು ನನ್ನ ಮನೆಗೆ, ನನ್ನ ಸಾಮಾನಿಗೆ. ಬೇರೆಯವರಿಗೆ ನಾನು ಮಾಡಿದ ಹಾನಿಗೆ ಅಲ್ಲ. 38,000 ರೂಪಾಯಿ ಕೈಯಿಂದ ಕೊಟ್ಟೆ. ಅದಕ್ಕೆ ಲಯಬಿಲಿಟಿ ಕವರ್ ಅಂತ ಸೇರಿಸಿಕೊಳ್ಳಬೇಕಿತ್ತು. ಫ್ಲಾಟಿನಲ್ಲಿ ಕುಂಡ ಇಡುವ ನಮ್ಮಂಥವರು ಚಿನ್ನಕ್ಕಿಂತ ಮೊದಲು ಅದನ್ನು ಕೇಳಬೇಕು ಅಂತ ನನಗೆ ಅನ್ನಿಸಿದ್ದು ಆಮೇಲೆ.

ಪಾಲಿಸಿ ಬಂದ ದಿನ ಫೋನಿನಲ್ಲಿ ಪ್ರತಿ ರೂಮಿನ ವಿಡಿಯೋ ಮಾಡಿ, ಬೀರು ಬಾಗಿಲು ತೆಗೆದು ಮಾಡಿ, ಬಿಲ್ಲುಗಳ ಫೋಟೋ ತೆಗೆದು ನಿಮಗೆ ನೀವೇ ಮೇಲ್ ಹಾಕಿಕೊಳ್ಳಿ. ಏನಾದರೂ ಆದರೆ ಮೊದಲು ಕಂಪನಿಗೆ ತಿಳಿಸಿ, ಹಾನಿ ಅಳೆಯುವ ಸರ್ವೇಯರ್ ಬಂದು ನೋಡುವವರೆಗೆ ಹಾಳಾದ ಸಾಮಾನನ್ನು ಗುಜರಿಗೆ ಹಾಕಬೇಡಿ. ಕ್ಲೇಮು ತಳ್ಳಿ ಹಾಕಿದರೆ ಕಂಪನಿಗೆ ಬರೆದು ದೂರು ಕೊಡಿ. 30 ದಿನದಲ್ಲಿ ಸರಿಯಾದ ಉತ್ತರ ಬರದಿದ್ದರೆ ಬೆಂಗಳೂರಿನಲ್ಲಿ ಇಂಥ ದೂರು ಕೇಳಿ ತೀರ್ಮಾನ ಮಾಡುವ ಇನ್ಶೂರೆನ್ಸ್ ಓಂಬುಡ್ಸ್‌ಮನ್ ಕಚೇರಿ ಇದೆ, ಫೀಸಿಲ್ಲ, ವಕೀಲರೂ ಬೇಡ.

ನಾಳೆ ಆ ಕಾಗದದ ಮೊದಲ ಪುಟದ ಫೋಟೋ ಹಾಕಿ, ಸಾಲದ ಅಕೌಂಟ್ ನಂಬರ್ ಮೇಲೆ ಬೆರಳಿಟ್ಟು. ಯಾರ ಮೇಲಿನ ವಿಮೆ ಅಂತ ನೋಡಿ ಹೇಳುತ್ತೇನೆ.