ಈಡು ಹೊಡೆಯುವ ಮೊದಲು ನಳಿಗೆ ತೊಳೆಯಬೇಕು

ತಮ್ಮ,

ವಿರಾಜಪೇಟೆಯಿಂದ ಜಪಾನಿಗೆ ಬಂದು ಟೋಕಿಯೋದ ನಿಶಿ-ಕಸಾಯಿಯಲ್ಲಿ ಮನೆ ಮಾಡಿ ನಾಲ್ಕು ತಿಂಗಳಾಯಿತು ಅಂತ ಬರೆದಿದ್ದೀಯ. ನವೆಂಬರ್ 3ಕ್ಕೆ ಮೇಜಿ ಜಿಂಗೂ ಗುಡಿಗೆ ಹೋದಾಗ, ಕವಚ ತೊಟ್ಟವರು ಹಳೇ ಕೋವಿ ಹಾರಿಸಿದ್ದು ಕೇಳಿ ಮನೆ ನೆನಪಾಗಿ ಕಣ್ಣು ತುಂಬಿತು ಅಂತಲೂ ಬರೆದಿದ್ದೀಯ. ಹೊರದೇಶದವರು ಅಂಥ ಕೋವಿ ತಂಡಕ್ಕೆ ಸೇರಬಹುದಾ, ಲೈಸೆನ್ಸ್ ಬೇಕಾ, ಊರಿನ ಕೋವಿ ತರಬಹುದಾ ಎಂಬ ಮೂರು ಪ್ರಶ್ನೆ ಕೇಳಿದ್ದೀಯ. ನೀನು ಅಂತಲೇ ಬರೆಯುತ್ತೇನೆ, ನನ್ನ ಕೊನೇ ತಮ್ಮನಿಗಿಂತ ಚಿಕ್ಕವನು ನೀನು.

ಕೊನೇ ಪ್ರಶ್ನೆಗೆ ಮೊದಲು ಉತ್ತರ. ಊರಿನ ಕೋವಿ ತರುವ ಯೋಚನೆ ಇವತ್ತೇ ಬಿಟ್ಟುಬಿಡು. ಒಂದು ಖಾಲಿ ತೋಟೆ ಕೂಡ ಸೂಟ್‌ಕೇಸಿನಲ್ಲಿ ಬರಬಾರದು, ಕೀಚೈನಿಗೆ ಕಟ್ಟಿದ್ದಾದರೂ ಸರಿ. ನಿಮ್ಮಲ್ಲಿ ಕೋವಿ ಮನೆಯವರಲ್ಲೊಬ್ಬ ಇದ್ದ ಹಾಗೆ. ಆಯುಧದ ಹಬ್ಬ ಕೈಲ್ ಪೊಳ್ದ್‌ಗೆ ಅದಕ್ಕೆ ತೋಕ್ ಪೂ, ಅಂದರೆ ಕೋವಿ ಹೂ, ಮುಡಿಸಿ ಕೈಮುಗಿಯುತ್ತೀರಿ. ಕೊಡವರಿಗೆ ಲೈಸೆನ್ಸಿನಿಂದಲೇ ವಿನಾಯಿತಿ ಇದೆ. ಇಲ್ಲಿ ಕೋವಿಗೂ ಕತ್ತಿಗೂ ಸೇರಿ ಒಂದೇ ಕಾನೂನು, 1958ರದ್ದು. ತುಂಬಾ ಬಿಗಿ.

ಹಾಗಾದರೆ ನೀನು ನೋಡಿದ್ದು ಹೇಗೆ ಸಾಧ್ಯ ಅಲ್ವಾ? ಅದು ಹಿನವಾಜೂ. ಹಿನವಾ ಅಂದರೆ ಬೆಂಕಿ ಹಗ್ಗ, ಜೂ ಅಂದರೆ ಕೋವಿ. ಕಾನೂನಿನ ಪ್ರಕಾರ ಅದು ಹಳೇ ಕಲಾವಸ್ತು. 1867ರವರೆಗೆ ಮಾಡಿದ ಅಸಲಿ ಕೋವಿಗೆ ಆಯಾ ಪ್ರಾಂತ್ಯದ ಶಿಕ್ಷಣ ಮಂಡಳಿ ನೋಂದಣಿ ಚೀಟಿ ಕೊಡುತ್ತದೆ. ಹೌದು, ಶಿಕ್ಷಣ ಮಂಡಳಿಯೇ! ಆ ಚೀಟಿ ಕೋವಿಗೆ ಸೇರಿದ್ದು, ಮನುಷ್ಯನಿಗಲ್ಲ. ಕೋವಿ ಹೋದಲ್ಲೆಲ್ಲ ಚೀಟಿಯೂ ಹೋಗಬೇಕು. ಕೈ ಬದಲಾದರೆ 20 ದಿನದೊಳಗೆ ತಿಳಿಸಬೇಕು. ಮದ್ದಿಗೆ ಬೇರೆಯೇ ಅನುಮತಿ, ಅದನ್ನು ತಂಡದ ಹಿರಿಯರು ನೋಡಿಕೊಳ್ಳುತ್ತಾರೆ. ಗುಡಿಯ ಹಬ್ಬದಲ್ಲಿ ಗುಂಡು ಹಾಕುವುದಿಲ್ಲ, ಬರೀ ಮದ್ದು. ನೀನಾಗಿ ಕೋವಿ ಕೊಳ್ಳಲು ಹೋಗಬೇಡ. ತಂಡದ ಕೋವಿ ಹಿಡಿದು ಕಲಿ.

ನಾನು ಇದರೊಳಗೆ ಬಂದಿದ್ದು ಬೇಳೆ ತರಲು ಹೋಗಿ. ಬಂದ ಹೊಸತು. ತೊಗರಿಬೇಳೆ, ಹುಣಸೆಹಣ್ಣು ಬೇಕು ಅಂತ ಶಿನ್-ಒಕುಬೊಗೆ ಹೋಗಿದ್ದೆ. ನೀನೂ ಅಲ್ಲಿಗೆ ಹೋಗಿರುತ್ತೀಯ, ಮಸಾಲೆ ಅಂಗಡಿಗಳ ಆ ಗಲ್ಲಿಗೆ. ಸ್ಟೇಷನ್ ಪಕ್ಕದಲ್ಲೇ ಒಂದು ಚಿಕ್ಕ ಗುಡಿ ಇದೆ, ಕೈಚೂ ಇನಾರಿ. ಆ ಬೀದಿಗಳ ಹೆಸರು ಹ್ಯಾಕುನಿನ್-ಚೋ, ಅಂದರೆ ನೂರು ಜನರ ಕೇರಿ. ಜಪಾನ್ ಆಳಿದ ತೊಕುಗಾವ ಇಯೆಯಾಸು ಎದೋ (ಈಗಿನ ಟೋಕಿಯೋ) ನಗರದ ಪಶ್ಚಿಮ ದಿಕ್ಕು ಕಾಯಲು ನೂರು ಜನ ಕೋವಿಯವರ ಪಡೆಯನ್ನು ಕೂರಿಸಿದ ಜಾಗ ಅದು. ಯುದ್ಧವಿಲ್ಲದ ದಿನಗಳಲ್ಲಿ ಆ ಜನ ಅಜೇಲಿಯಾ ಹೂವಿನ ಗಿಡ ಬೆಳೆಸಿ ಸಂಸಾರ ನಡೆಸುತ್ತಿದ್ದರು. ಕೈಚೂ ಅಂದರೆ ಎಲ್ಲವೂ ಗುರಿಗೆ ತಗಲಿತು ಅಂತ. ಗುರಿ ಕೂರದೆ ನೊಂದಿದ್ದ ಒಬ್ಬ ಕೋವಿಯವನ ಕನಸಿಗೆ ಇನಾರಿ ದೇವರು ಬಂತಂತೆ. ಬೆಳಿಗ್ಗೆ ಕೈಮುಗಿದು ಹೋದವನ ಒಂದು ಈಡೂ ತಪ್ಪಲಿಲ್ಲ ಅನ್ನುವುದು ಕಥೆ. ಈಗ ಲಾಟರಿ ತಗಲಲಿ, ಸಂಗೀತ ಕಛೇರಿಯ ಟಿಕೆಟ್ ಸಿಗಲಿ ಅಂತ ಹುಡುಗಿಯರು ಬಂದು ಬೇಡಿಕೊಳ್ಳುತ್ತಾರೆ.

ಅವತ್ತು ಅಲ್ಲಿ ಹಬ್ಬ. ವರ್ಷ ಬಿಟ್ಟು ವರ್ಷ, ಸೆಪ್ಟೆಂಬರ್ ಕೊನೆಗೆ, ಆ ಪಡೆಯ ಮೆರವಣಿಗೆ ನಡೆಯುತ್ತದೆ. ಬೇಳೆ ಚೀಲ ಕೈಯಲ್ಲಿ ಹಿಡಿದೇ ನಿಂತೆ. ಮೊದಲ ಈಡಿಗೆ ಎದೆ ನಡುಗಿತು, ಆಮೇಲೆ ಹೊಗೆ ಬಂತು. ಆ ಗಂಧಕದ ವಾಸನೆಗೆ ನಮ್ಮ ಸಾಗರದ ತೋಟದ ಮನೆಯೇ ಎದುರಿಗೆ ಬಂದ ಹಾಗಾಯಿತು. ಮಂಗ ಓಡಿಸಲು ಅಪ್ಪ ಒಂದು ಕೇಪಿನ ಕೋವಿ ಇಟ್ಟಿದ್ದರು. ಹೊಡೆದ ಮೇಲೆ ಅಡಿಕೆ ಮರಗಳ ನಡುವೆ ಇದೇ ವಾಸನೆ ತುಂಬಾ ಹೊತ್ತು ನಿಲ್ಲುತ್ತಿತ್ತು.

ಆಮೇಲೆ ಓದಿ ತಿಳಿದ ಒಂದು ವಿಷಯ ಹೇಳಲೇಬೇಕು. 1543ರಲ್ಲಿ ಪೋರ್ಚುಗೀಸರಿದ್ದ ಹಡಗೊಂದು ದಕ್ಷಿಣ ಜಪಾನಿನ ತಾನೆಗಾಶಿಮಾ ದ್ವೀಪಕ್ಕೆ ಬಂತು. ಅಲ್ಲಿನ ಯುವ ದೊರೆ ತೊಕಿತಾಕಾ ಎರಡು ಕೋವಿ ಕೊಂಡು, ನೋಡಿ ಹಾಗೇ ಮಾಡು ಅಂತ ಕತ್ತಿ ಮಾಡುವ ಕಮ್ಮಾರನಿಗೆ ಕೊಟ್ಟ. ಮುಂದೆ ಸಕಾಯಿ, ಕುನಿತೊಮೊ, ನೆಗೊರೊ ಊರುಗಳಲ್ಲಿ ಸಾವಿರಗಟ್ಟಲೆ ತಯಾರಾದವು. ಆ ಮೊದಲ ಕೋವಿಗಳ ಮಾದರಿ ಗೋವಾ, ಮಲಕ್ಕಾ ಕಡೆಯದು ಅಂತ ಅನೇಕ ಇತಿಹಾಸಕಾರರು ಹೇಳುತ್ತಾರೆ. ಗೋವಾವನ್ನು ಪೋರ್ಚುಗೀಸರು 1510ರಲ್ಲಿ ಕಿತ್ತುಕೊಂಡಿದ್ದು ನಮ್ಮ ಬಿಜಾಪುರದ ಆದಿಲ್ ಶಾಹಿಗಳಿಂದ. ಅಲ್ಲಿನ ಕಮ್ಮಾರರ ಕೈಗುಣ ಇಲ್ಲಿಯವರೆಗೆ ಬಂದಿರಬಹುದು ಅಂದುಕೊಂಡರೆ ನನಗೆ ಈಗಲೂ ಮೈ ಜುಂ ಅನ್ನುತ್ತದೆ.

ಸೇರುವ ವಿಷಯಕ್ಕೆ ಬರುತ್ತೇನೆ. ನಾನು ಮೊದಲು ಕೇಳಿದ ತಂಡ ಹೊರದೇಶದವರು ಬೇಡ ಅಂದಿತು. ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ. ಎರಡನೇ ತಂಡದ ಹಿರಿಯರು ಬೇಡ ಅನ್ನಲಿಲ್ಲ, ಬಾ ಅಂತಲೂ ಅನ್ನಲಿಲ್ಲ. "ಭಾನುವಾರ ತೊಳೆಯುವ ಕೆಲಸ ಇರುತ್ತದೆ" ಅಂದರು. ಹೋದೆ. ಒಂದೂವರೆ ವರ್ಷ ತೊಳೆದೆ, ಹೊತ್ತೆ, ಚಹಾ ಕೊಟ್ಟೆ, ನೆಲದ ಚಾಪೆ ಮಡಿಸಿದೆ.

ತೊಳೆಯುವುದನ್ನು ಹಗುರವಾಗಿ ನೋಡಬೇಡ. ಮದ್ದಿನ ಮಸಿ ಗಾಳಿಯ ತೇವ ಹೀರಿ ಕಬ್ಬಿಣವನ್ನು ತಿನ್ನುತ್ತದೆ. ಅವತ್ತೇ ತೊಳೆಯದಿದ್ದರೆ ಇನ್ನೂರು ಮುನ್ನೂರು ವರ್ಷ ಬಾಳಿದ ನಳಿಗೆ ಹಾಳು. ಮರಕ್ಕೆ ಹಿಡಿಸಿದ ಸಣ್ಣ ಮೊಳೆಗಳನ್ನು ತಟ್ಟಿ ತೆಗೆದು ನಳಿಗೆ ಬಿಡಿಸಬೇಕು. ಕುದಿಯುವ ನೀರು ಹೊಯ್ಯಬೇಕು. ಮೊದಲ ನೀರು ಶಾಯಿಯ ಹಾಗೆ ಕಪ್ಪಗೆ ಬರುತ್ತದೆ, ಕೊಳೆತ ಮೊಟ್ಟೆಯ ವಾಸನೆ. ಎರಡನೆಯದು ಬೂದು. ನಾಲ್ಕೈದು ಸಲಕ್ಕೆ ತಿಳಿಯಾಗುತ್ತದೆ. ಅಷ್ಟು ಹೊತ್ತಿಗೆ ಬಟ್ಟೆ ಸುತ್ತದೆ ಹಿಡಿಯಲಾಗದಷ್ಟು ಕಬ್ಬಿಣ ಕಾದಿರುತ್ತದೆ, ಒಳಗಿನ ತೇವ ತಾನೇ ಆರುತ್ತದೆ. ಆಮೇಲೆ ಎಣ್ಣೆ. ಹಿರಿಯರು ಬಿಳಿ ಬಟ್ಟೆಯನ್ನು ಕೋಲಿಗೆ ಸುತ್ತಿ ಒಳಗೆ ಆಡಿಸಿ, ಬೆಳಕಿಗೆ ಹಿಡಿದು ನೋಡುತ್ತಾರೆ. ಆ ಬಟ್ಟೆ ಮೊದಲ ಸಲ ಬೆಳ್ಳಗೆ ಬಂದ ದಿನ ಅವರು ಏನೂ ಹೇಳಲಿಲ್ಲ. ಮುಂದಿನ ವಾರ ನನ್ನ ಕೈಗೆ ಕೋವಿ ಕೊಟ್ಟರು.

ನಿನಗೆ ಕೋವಿ ಗೊತ್ತು, ಅದೇ ನಿನಗೆ ಕಷ್ಟ ಕೊಡುತ್ತದೆ. ಹಿನವಾಜೂ ಭುಜಕ್ಕೆ ಒತ್ತಿ ಹಿಡಿಯುವುದಲ್ಲ. ಅದರ ಹಿಡಿ ತುಂಡು, ಕೆನ್ನೆಗೆ ತಾಗಿಸಿ ಹಿಡಿಯುತ್ತಾರೆ. ನಳಿಗೆಗೆ ಮದ್ದು ಸುರಿದು ಕೋಲಿನಿಂದ ದಮ್ಮಸ್ಸು ಮಾಡು. ಪಕ್ಕದ ಪುಟ್ಟ ತಟ್ಟೆಗೆ ನುಣ್ಣನೆಯ ಮದ್ದು ಒಂದು ಚಿಟಿಕೆ ಹಾಕು, ಮುಚ್ಚಳ ಮುಚ್ಚು. ಆ ಮುಚ್ಚಳ ಮುಚ್ಚಿದ ಮೇಲೇ ಉರಿಯುವ ಹಗ್ಗವನ್ನು ಇಕ್ಕಳಕ್ಕೆ ಸಿಕ್ಕಿಸುವುದು. ಈ ಕ್ರಮ ಮಾತ್ರ ಎಂದೂ ತಪ್ಪಬಾರದು. "ಹಿಬುತ ಕಿರೆ" ಅಂದಾಗ ಮುಚ್ಚಳ ಸರಿಸು, "ಹನಾತೆ" ಅಂದಾಗ ಈಡು ಬಿಡು. ಇಲ್ಲಿನ ಜನ ಏನಾದರೂ ಜಗಳ, ಪಂದ್ಯ ಶುರುವಾಯಿತು ಅನ್ನಲು ಈಗಲೂ "ಮುಚ್ಚಳ ತೆರೆಯಿತು" ಅನ್ನುತ್ತಾರೆ. ಆ ಮಾತು ಹುಟ್ಟಿದ್ದು ಈ ಮುಚ್ಚಳದಿಂದಲೇ. ಒಬ್ಬರಾದ ಮೇಲೆ ಒಬ್ಬರು ಸಾಲಾಗಿ ಹೊಡೆಯುವುದಕ್ಕೆ ತ್ಸುರುಬೆ-ಉಚಿ ಅಂತ ಹೆಸರು. ಬಾವಿಯ ಕೊಡಕ್ಕೂ ತ್ಸುರುಬೆ ಅನ್ನುತ್ತಾರೆ, ಆದರೆ ಇಲ್ಲಿ ಅದು ಸಾಲುಗೂಡುವುದು ಅನ್ನುವ ಹಳೇ ಮಾತಿನಿಂದ ಬಂದದ್ದು.

ನನ್ನ ಮೊದಲ ಹಬ್ಬದಲ್ಲಿ ಬೆಳಗಿನಿಂದ ಜಿಟಿಜಿಟಿ ಮಳೆ. ಪೂಜಾರಿ ಬಿಳಿ ಕಾಗದದ ಪಟ್ಟಿ ಕಟ್ಟಿದ ಕೋಲನ್ನು ನಮ್ಮ ತಲೆಯ ಮೇಲೆ ಬೀಸಿ ಶುದ್ಧಿ ಮಾಡಿದರು. ಎರಡು ಸಲ ಬಗ್ಗಿ, ಎರಡು ಚಪ್ಪಾಳೆ ತಟ್ಟಿ, ಮತ್ತೆ ಬಗ್ಗಿದೆವು. ಸಾಲಿನಲ್ಲಿ ನಾನು ಐದನೆಯವಳು. ನಾಲ್ಕು ಈಡು ಹೋಯಿತು. ನನ್ನದರಲ್ಲಿ ಹಗ್ಗ ಬಿತ್ತು, ಚುಸ್ ಅಂತು, ಅಷ್ಟೇ. ತಟ್ಟೆಯ ಮದ್ದು ತೇವವಾಗಿತ್ತು. ಇಡೀ ಗುಡಿಯ ಅಂಗಳ ಸುಮ್ಮನಾಯಿತು. ಹಾಗಾದಾಗ ಕೋವಿ ಇಳಿಸಬಾರದು, ತಿರುಗಿ ನೋಡಬಾರದು. ಮೂತಿ ಮುಂದಕ್ಕೇ ಇಟ್ಟು, ಉಸಿರು ಹಿಡಿದು ನಿಂತೆ. ಆರನೆಯವರು ಹೊಡೆದರು, ಸಾಲು ಮುಂದುವರಿಯಿತು. ಆಮೇಲೆ ಹಿರಿಯರು ಬಂದು, ನನ್ನ ಕೋವಿಯ ಮುಚ್ಚಳ ತಾವೇ ಮುಚ್ಚಿ, "ಚೆನ್ನಾಗಿ ನಿಂತೆ" ಅಂದರು. ಇಷ್ಟು ವರ್ಷದಲ್ಲಿ ಅವರು ಹೊಗಳಿದ್ದು ಅದೊಂದೇ ಸಲ. ನಮ್ಮ ತಂಡದಲ್ಲಿ ಎಲ್ಲರೂ ನಂಬುವುದು ಇದನ್ನೇ: ಸದ್ದು ದೇವರಿಗೆ ಕೊಡುವ ಕಾಣಿಕೆ. ಎಷ್ಟು ಜೋರಾಗಿ ಹೊಡೆದೆ ಅನ್ನುವುದಕ್ಕಿಂತ ಹೇಗೆ ನಿಂತೆ ಅನ್ನುವುದನ್ನೇ ಜಾಸ್ತಿ ನೋಡುತ್ತಾರೆ.

ಆ ಹಗ್ಗದ ಮಾತೂ ಹೇಳಿಬಿಡುತ್ತೇನೆ. ಮಿಎ ಪ್ರಾಂತ್ಯದ ನಬಾರಿ ಹತ್ತಿರದ ಒಂದು ಹಳ್ಳಿಯವರು ಇನ್ನೂ ಬಿದಿರಿನಿಂದ ಹಿನವಾ ಹೊಸೆಯುತ್ತಾರೆ. ವರ್ಷದ ಕೊನೇ ರಾತ್ರಿ ಕ್ಯೋತೋದ ಯಸಾಕ ಗುಡಿಯಲ್ಲಿ ಜನ ಅದೇ ಹಗ್ಗದ ತುದಿಗೆ ದೇವರ ಬೆಂಕಿ ಹಚ್ಚಿಕೊಂಡು, ಆರದ ಹಾಗೆ ತಿರುಗಿಸುತ್ತಾ ಮನೆಗೆ ಒಯ್ಯುತ್ತಾರೆ. ಒಮ್ಮೆ ಹೋಗಿ ನೋಡು. ಕೋವಿ ಹಿಡಿಯುವ ಮೊದಲು ಆ ಬೆಂಕಿಯನ್ನು ನೋಡಿದರೆ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಭಾಷೆ ಬಾರದೆ ಹೇಗೆ ಅಂತ ಕೇಳಬೇಡ. ಅಪ್ಪಣೆಯ ನಾಲ್ಕು ಮಾತು ಮೊದಲ ದಿನವೇ ಬಾಯಿಪಾಠ ಆಗಲಿ. "ನಿಲ್ಲು" ಅಂದಿದ್ದು ತಿಳಿಯದವನ ಕೈಗೆ ಯಾರೂ ಬೆಂಕಿ ಕೊಡುವುದಿಲ್ಲ, ಕೊಡಲೂಬಾರದು. ಆಫೀಸಿನಲ್ಲಿ ವಾರಕ್ಕೊಂದು ಸಂಜೆ ಬಿಡುವು ಮಾಡಿಕೊಂಡು ಜಪಾನಿ ಕ್ಲಾಸಿಗೆ ಸೇರು. ಊರಲ್ಲಿ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಹೊಡೆದಿದ್ದೇನೆ ಅಂತ ಮೊದಲೇ ಹೇಳಿಕೊಳ್ಳಬೇಡ. ಅವರಾಗಿ ಕೇಳುವ ದಿನ ಬರುತ್ತದೆ. ಅವತ್ತು ತೋಕ್ ಪೂ ಕಥೆ ಪೂರ್ತಿ ಹೇಳು, ಅವರು ಊಟ ಬಿಟ್ಟು ಕೇಳುತ್ತಾರೆ.

ಮುಂದಿನ ತಿಂಗಳ ಎರಡನೇ ಭಾನುವಾರ ನಮ್ಮಲ್ಲಿ ತೊಳೆಯುವ ಕೆಲಸ ಇದೆ. ಹಿರಿಯರಿಗೆ ಹೇಳಿ ಇಟ್ಟಿದ್ದೇನೆ. ರೆಸಿಡೆನ್ಸ್ ಕಾರ್ಡ್ ಜೊತೆಗಿರಲಿ. ಹತ್ತಿ ಬಟ್ಟೆ ಹಾಕಿಕೊಂಡು ಬಾ, ನೈಲಾನ್ ಜಾಕೆಟ್ ಬೇಡ, ಕಿಡಿ ತಾಗಿದರೆ ಮೈಗೇ ಅಂಟುತ್ತದೆ. ಮಧ್ಯಾಹ್ನಕ್ಕೆ ನಾನು ಚಿತ್ರಾನ್ನ ತರುತ್ತೇನೆ.