ಬೂತಾಯಿ ಥೀಸಿಸ್‌ನ ವೈವಾ: 46 ಸ್ಲೈಡನ್ನು 15 ನಿಮಿಷಕ್ಕೆ ಇಳಿಸುವುದು

ನೀವು ಕೇಳಿದ್ದು ಇಷ್ಟು: ಬೂತಾಯಿ ಮೀನಿನ (ಆಯಿಲ್ ಸಾರ್ಡಿನ್) ಸಂತಾನೋತ್ಪತ್ತಿ ಮತ್ತು ಉದ್ದ-ತೂಕದ ಮೇಲೆ ಎಂಎಫ್‌ಎಸ್‌ಸಿ (ಮೀನುಗಾರಿಕೆ ವಿಜ್ಞಾನದ ಸ್ನಾತಕೋತ್ತರ ಪದವಿ) ಥೀಸಿಸ್, ಮಲ್ಪೆಯ ಪರ್ಸೀನ್ (ಸುತ್ತುಬಲೆ) ಬೋಟುಗಳಿಂದ ಆಗಸ್ಟ್‌ನಿಂದ ಮೇವರೆಗೆ ಸ್ಯಾಂಪಲ್, ಮಾತಿಗೆ 15 ನಿಮಿಷ, ಕೈಯಲ್ಲಿ 46 ಸ್ಲೈಡ್, ಯಾವುದನ್ನು ತೆಗೆಯಲಿ? ತೆಗೆಯುವುದು ಆಮೇಲೆ ನೋಡೋಣ. ಮೊದಲು ಸೇರಿಸಬೇಕಾದ್ದು ಒಂದಿದೆ.

ನಿಮ್ಮ ಡೇಟಾದಲ್ಲಿ ಜೂನ್, ಜುಲೈ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟುಗಳಿಗೆ ನಿಷೇಧ, ಹಾಗಾಗಿ ಮೀನು ಸಿಕ್ಕಿಲ್ಲ. ಆದರೆ ಬೂತಾಯಿ ಹೆಚ್ಚಾಗಿ ಮೊಟ್ಟೆ ಇಡುವುದೇ ಮುಂಗಾರಿನಲ್ಲಿ. ಸಂತಾನೋತ್ಪತ್ತಿಯ ಥೀಸಿಸ್‌ನಲ್ಲಿ ಅದೇ ಎರಡು ತಿಂಗಳು ಖಾಲಿ ಎಂದರೆ ಎಕ್ಸ್‌ಟರ್ನಲ್ ಪರೀಕ್ಷಕರ ಪ್ರಶ್ನೆ ಶುರುವಾಗುವುದೇ ಅಲ್ಲಿಂದ. ಅವರು ಕೇಳುವ ಮೊದಲು ನೀವೇ ತೋರಿಸಿ. ವಿಧಾನದ ಭಾಗದಲ್ಲಿ ಒಂದು ಸ್ಲೈಡ್, 12 ತಿಂಗಳಿಗೆ 12 ಚೌಕ. ಪ್ರತಿ ಚೌಕದಲ್ಲಿ ಎಷ್ಟು ಬೋಟು, ಎಷ್ಟು ಮೀನು ಎಂದು ಬರೆದು, ಜೂನ್-ಜುಲೈ ಬೂದು ಬಣ್ಣದಲ್ಲಿ ಖಾಲಿ ಬಿಡಿ. 20 ಸೆಕೆಂಡಿನ ಮಾತು, ಆದರೆ ಮುಂದಿನ ಎಲ್ಲಕ್ಕೂ ಅದೇ ಬುನಾದಿ.

ಈಗ ನಿಮ್ಮ ಜಿಎಸ್‌ಐ ಗ್ರಾಫ್ (ಮೀನಿನ ತೂಕದಲ್ಲಿ ಗೊನಾಡ್, ಅಂದರೆ ಅಂಡಾಶಯ ಅಥವಾ ವೃಷಣ, ಶೇಕಡ ಎಷ್ಟು ಎಂಬ ಲೆಕ್ಕ). ನೀವು ಹಾಕಿದ ಚಿತ್ರದಲ್ಲಿ ಗೆರೆ ಮೇಯಿಂದ ನೇರ ಕೆಳಗಿಳಿದು ಜೂನ್-ಜುಲೈನಲ್ಲಿ ತಳ ಮುಟ್ಟಿ, ಆಗಸ್ಟ್‌ನಲ್ಲಿ ಮತ್ತೆ ಜಿಗಿದಿದೆ. ಆ ಎರಡು ತಿಂಗಳಿಗೆ ಎಕ್ಸೆಲ್‌ನಲ್ಲಿ 0 ತುಂಬಿದ್ದೀರಿ. ‘ಅಳತೆಯೇ ಇಲ್ಲ’ ಎಂಬುದು ‘ಅಂಡಾಶಯ ಪೂರ್ತಿ ಬತ್ತಿದೆ’ ಎಂದಾಗಿಬಿಟ್ಟಿದೆ, ಅದೂ ಮೀನು ಮೊಟ್ಟೆ ತುಂಬಿಕೊಂಡಿರಬೇಕಾದ ಕಾಲದಲ್ಲಿ! ಸೊನ್ನೆ ಅಳಿಸಿ ಕೋಶ ಖಾಲಿ ಬಿಡಿ. ಗ್ರಾಫ್ ಮೇಲೆ ರೈಟ್ ಕ್ಲಿಕ್ ಮಾಡಿ, ಸೆಲೆಕ್ಟ್ ಡೇಟಾ, ಅದರೊಳಗೆ ಹಿಡನ್ ಅಂಡ್ ಎಂಪ್ಟಿ ಸೆಲ್ಸ್, ಅಲ್ಲಿ ಗ್ಯಾಪ್ಸ್ ಆರಿಸಿ. ಗೆರೆ ತುಂಡಾಗಿಯೇ ಕಾಣಲಿ. ಗಂಡು ಹೆಣ್ಣು ಬೇರೆ ಬೇರೆ ಗೆರೆ. ಎರರ್ ಬಾರ್ ಎಸ್‌ಡಿಯೋ (ಸ್ಟ್ಯಾಂಡರ್ಡ್ ಡೀವಿಯೇಶನ್) ಎಸ್‌ಇಯೋ (ಸ್ಟ್ಯಾಂಡರ್ಡ್ ಎರರ್) ಎಂದು ಗ್ರಾಫಿನ ಕೆಳಗೇ ಬರೆಯಿರಿ. 60 ಗ್ರಾಂ ಮೀನಿನಲ್ಲಿ 2.4 ಗ್ರಾಂ ಗೊನಾಡ್ ಇದ್ದರೆ ಜಿಎಸ್‌ಐ 4. ಆದರೆ ಭಾಗಿಸಿದ ತೂಕ ಗೊನಾಡ್ ಸೇರಿಸಿಯೋ ಬಿಟ್ಟೋ? ಬಿಟ್ಟು 57.6 ಗ್ರಾಂನಿಂದ ಭಾಗಿಸಿದರೆ ಅದೇ ಮೀನಿಗೆ 4.17 ಬರುತ್ತದೆ. ಒಂದೇ ಮಾತಿನಲ್ಲಿ ಹೇಳಿಬಿಡಿ. ಬೂತಾಯಿ ಬೇಗ ಹೊಟ್ಟೆ ಒಡೆಯುವ ಮೀನು, ಹಾಗಾಗಿ ಬಂದರಿನಿಂದ ತಂದು ಎಷ್ಟು ಗಂಟೆಯೊಳಗೆ ಕೊಯ್ದು ತೂಗಿದಿರಿ, ಹಸಿ ತೂಕವೋ ಫಾರ್ಮಲಿನ್‌ನಲ್ಲಿಟ್ಟ ಮೇಲಿನದೋ ಎಂಬುದಕ್ಕೂ ಉತ್ತರ ಸಿದ್ಧವಿರಲಿ.

ತೀರ್ಮಾನದಲ್ಲಿ ‘ಆಗಸ್ಟ್‌ನಲ್ಲಿ ಸಂತಾನೋತ್ಪತ್ತಿ ಗರಿಷ್ಠ’ ಎಂದಿದೆ. ಅದು ನಿಲ್ಲುವುದಿಲ್ಲ. ‘ಸ್ಯಾಂಪಲ್ ಸಿಕ್ಕ ತಿಂಗಳುಗಳ ಪೈಕಿ ಆಗಸ್ಟ್‌ನಲ್ಲಿ ಜಿಎಸ್‌ಐ ಅತಿ ಹೆಚ್ಚು’ ಎನ್ನಿ. (ಇನ್ನೂ ಸ್ಯಾಂಪಲ್ ಶುರು ಮಾಡದವರು ಗಮನಿಸಿ: 10 ಎಚ್‌ಪಿವರೆಗಿನ ನಾಡದೋಣಿಗಳಿಗೆ ನಿಷೇಧದಿಂದ ವಿನಾಯಿತಿ ಇದೆ. ಆ ಎರಡು ತಿಂಗಳು ಅವರಿಂದ ಮೀನು ಪಡೆಯಬಹುದು. ಬಲೆ ಬೇರೆಯಾದ್ದರಿಂದ ಗ್ರಾಫಿನಲ್ಲಿ ಗುರುತೂ ಬೇರೆ ಇರಲಿ.)

ಇನ್ನೊಂದು ದೊಡ್ಡ ಪೆಟ್ಟು ಬೀಳುವುದು ಸ್ಯಾಂಪಲ್ ಸಂಖ್ಯೆಯ ಮೇಲೆ. ತಿಂಗಳಿಗೆ 100 ಮೀನು ಎಂದು ಹೆಮ್ಮೆಯಿಂದ ಬರೆದಿದ್ದೀರಿ. ಆದರೆ ಪರ್ಸೀನ್ ಒಂದೇ ಸಲಕ್ಕೆ ಒಂದು ಇಡೀ ಹಿಂಡನ್ನು ಸುತ್ತುತ್ತದೆ, ಒಂದು ಹಿಂಡಿನ ಬೂತಾಯಿಗಳು ಬಹುತೇಕ ಒಂದೇ ಅಳತೆಯವು. ಒಂದೇ ಬೋಟಿನ 100 ಮೀನು ನೂರು ಸ್ವತಂತ್ರ ಸ್ಯಾಂಪಲ್ ಆಗುವುದಿಲ್ಲ. 5 ಬೋಟುಗಳಿಂದ 20ರಂತೆ ತಂದಿದ್ದರೆ ಅದನ್ನು ಎದ್ದು ಕಾಣುವಂತೆ ಬರೆಯಿರಿ. ಒಂದೇ ಬೋಟಾದರೆ ಮುಚ್ಚಿಡಬೇಡಿ.

ಉದ್ದ-ತೂಕಕ್ಕೆ ಒಂದು ಸ್ಲೈಡ್ ಸಾಕು. ಆರ್ ಸ್ಕ್ವೇರ್ (ಗೆರೆ ಡೇಟಾಗೆ ಎಷ್ಟು ಹೊಂದುತ್ತದೆ ಎಂಬ ಅಳತೆ) 0.95 ಬಂದಿದೆ ಎಂದು ಅದನ್ನೇ ದಪ್ಪಕ್ಷರದಲ್ಲಿ ಹಾಕಬೇಡಿ, ಚಿಕ್ಕದರಿಂದ ದೊಡ್ಡದರವರೆಗೆ ಮೀನಿದ್ದರೆ ಅದು ಹೇಗೂ ಬರುತ್ತದೆ. ಮುಖ್ಯವಾದುದು ‘ಬಿ’ ಬೆಲೆ (ತೂಕ = ಎ × ಉದ್ದದ ಬಿ ಘಾತ ಎಂಬ ಸಮೀಕರಣದಲ್ಲಿನದು) ಮತ್ತು ಅದರ ಎಸ್‌ಇ. ಬಿ 3.12, ಎಸ್‌ಇ 0.05 ಎಂದಾದರೆ, 3 ಕಳೆದು ಎಸ್‌ಇಯಿಂದ ಭಾಗಿಸಿದಾಗ ಟಿ 2.4. ನೂರಾರು ಮೀನಿಗೆ ಅದು 1.96 ದಾಟಿದೆ, ಆದ್ದರಿಂದ ಬೆಳವಣಿಗೆ ಐಸೊಮೆಟ್ರಿಕ್ (ಆಕಾರ ಬದಲಾಗದೆ ಬೆಳೆಯುವುದು, ಬಿ 3) ಅಲ್ಲ. ಎಸ್‌ಇ 0.08 ಆಗಿದ್ದರೆ ಟಿ 1.5, ಆಗ ಹಾಗೆ ಹೇಳುವಂತಿಲ್ಲ. ಉದ್ದವನ್ನು ಮಿಮೀ ಬದಲು ಸೆಂಮೀನಲ್ಲಿ ಹಾಕಿದರೆ ಏನು ಬದಲಾಗುತ್ತದೆ ಎಂದು ಕೇಳುತ್ತಾರೆ: ‘ಎ’ ಮಾತ್ರ ಬದಲಾಗುತ್ತದೆ, ‘ಬಿ’ ಇಲ್ಲ.

ಮೊದಲ ಪ್ರೌಢಾವಸ್ಥೆಯ ಉದ್ದಕ್ಕೆ (ಅರ್ಧದಷ್ಟು ಮೀನು ಪ್ರೌಢವಾಗುವ ಉದ್ದ) ವರ್ಷದ ಎಲ್ಲ ಮೀನನ್ನೂ ಸೇರಿಸಿದ್ದೀರಿ. ಮೊಟ್ಟೆ ಇಟ್ಟು ವಿಶ್ರಾಂತಿಯಲ್ಲಿರುವ ದೊಡ್ಡ ಮೀನಿನ ಗೊನಾಡ್ ಎಳೆಯ ಮೀನಿನದರ ಹಾಗೇ ಕಂಡು ಲೆಕ್ಕ ಮೇಲೆ ಹೋಗುತ್ತದೆ. ಸಂತಾನೋತ್ಪತ್ತಿ ಕಾಲದ ಮೀನು ಮಾತ್ರ ಇಟ್ಟುಕೊಂಡು ಕರ್ವ್ ಮತ್ತೆ ಹಾಕಿ.

ಇನ್ನು ತೆಗೆಯುವುದು. ದೇಶದ ಕರಾವಳಿ 7,516 ಕಿಮೀ ಎಂಬ ಸ್ಲೈಡ್ ಮೊದಲು ಹೋಗಲಿ. ಮರು ಅಳತೆಯಲ್ಲಿ ಅದು 11,098 ಕಿಮೀ ಆಗಿದೆ, ಬೂತಾಯಿಗೆ ಅದರಿಂದ ಏನೂ ಆಗಬೇಕಾಗಿಲ್ಲ. ಸಾಹಿತ್ಯ ಸಮೀಕ್ಷೆಯ 9 ಸ್ಲೈಡ್ ಒಂದಕ್ಕೆ ಇಳಿಯಲಿ: ಪಶ್ಚಿಮ ಕರಾವಳಿಯಲ್ಲಿ ಏನು ಗೊತ್ತಿದೆ, ಯಾವ ಪ್ರಶ್ನೆ ಉಳಿದಿದೆ. ಕೋಷ್ಟಕಗಳೆಲ್ಲ ‘ಧನ್ಯವಾದ’ ಸ್ಲೈಡಿನ ಹಿಂದಕ್ಕೆ; ಪ್ರಶ್ನೆ ಬಂದಾಗ ಅಲ್ಲಿಂದ ತೆಗೆಯಿರಿ. ಮಾತಿಗೆ 13 ಸ್ಲೈಡ್ ಉಳಿದರೆ ಸರಿ, ಅರ್ಧ ಸಮಯ ಫಲಿತಾಂಶಕ್ಕೇ.

ಬೂತಾಯಿಯ ವೈಜ್ಞಾನಿಕ ಹೆಸರು, ಹೆಸರಿಟ್ಟವರು ಮತ್ತು ವರ್ಷದ ಜೊತೆ: ಸಾರ್ಡಿನೆಲ್ಲಾ ಲಾಂಜಿಸೆಪ್ಸ್ ವ್ಯಾಲನ್ಸಿಯೆನ್, 1847. ಇಲ್ಲಿ ಆವರಣ ಚಿಹ್ನೆ ಬೇಡ, ಅವರು ಹೆಸರಿಟ್ಟ ಕುಲವೇ ಇಂದಿಗೂ ಉಳಿದಿದೆ. ಬಂಗುಡೆಗೆ ಕುವಿಯೆ, 1816 ಎಂಬುದು ಆವರಣದೊಳಗೆ, ಏಕೆಂದರೆ ಅದರ ಕುಲ ಬದಲಾಗಿದೆ.

ಬೂತಾಯಿ, ತಾರ್ಲೆ ಎಂಬ ಹೆಸರುಗಳನ್ನು ನುಡಿಯ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ವಿಭಾಗದ ಕಂಪ್ಯೂಟರಿನಲ್ಲಿ ಕಲಸುಮೇಲೋಗರವಾಗುತ್ತದೆ. ಯೂನಿಕೋಡ್‌ನಲ್ಲಿ ಬರೆಯಿರಿ, ಜೊತೆಗೆ ಪಿಡಿಎಫ್ ಪ್ರತಿಯನ್ನೂ ಪೆನ್‌ಡ್ರೈವ್‌ಗೆ ಹಾಕಿ. ಗ್ರಾಫಿನ ಅಕ್ಷರ 18 ಪಾಯಿಂಟ್‌ಗಿಂತ ಕಡಿಮೆ ಬೇಡ. ಕೆಂಪು-ಹಸಿರು ಜೋಡಿಯ ಬದಲು ನೀಲಿ-ಕಿತ್ತಳೆ ಬಳಸಿ.

ಜಿಎಸ್‌ಐ ಗ್ರಾಫ್ ತಿದ್ದಿ, 12 ಚೌಕದ ಸ್ಲೈಡಿನ ಜೊತೆ ಇಲ್ಲಿ ಹಾಕಿ. ಬೋಟುಗಳ ಸಂಖ್ಯೆ ಬರೆಯಲು ಮರೆಯಬೇಡಿ, ಅದು ಗೊತ್ತಾದರೆ ಎರರ್ ಬಾರ್ ಹೇಗೆ ಹಾಕಬೇಕೆಂದು ಹೇಳುತ್ತೇನೆ.